ಸ್ಕಿಜೋಫ್ರೇನಿಯಾ ಇರುವ ಹಿರಿಯರ ಮರೆವನ್ನು ರಕ್ತಪರೀಕ್ಷೆ ಪತ್ತೆ ಮಾಡುತ್ತದೆಯೇ?

‘ಯಾವುದೇ ಮರೆವಿದ್ದರೂ ರಕ್ತಪರೀಕ್ಷೆ ಸಾಕು’ ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದನ್ನು ನಾವು ಅರ್ಧಸತ್ಯ ಎನ್ನುತ್ತೇವೆ. 2025ರ ಮೇ ತಿಂಗಳಲ್ಲಿ ಅಮೆರಿಕದ ಎಫ್‌ಡಿಎ ಇಂಥದ್ದೊಂದು ಪರೀಕ್ಷೆಗೆ ಅನುಮತಿ ಕೊಟ್ಟಿದ್ದು ನಿಜ. ಆದರೆ ಅದು ಆಲ್ಝೈಮರ್ ಪತ್ತೆಗೆ, ಅದೂ ಲಕ್ಷಣಗಳಿರುವ 55 ದಾಟಿದವರಿಗೆ.

ಸ್ಕಿಜೋಫ್ರೇನಿಯಾದಲ್ಲಿ ನೆನಪು, ಗಮನ ಕುಂದುವುದು ಎಷ್ಟೋ ಸಲ ಯೌವನದಲ್ಲೇ ಶುರುವಾಗಿರುತ್ತದೆ. ಅದನ್ನು ಅಳೆಯುವ ರಕ್ತಪರೀಕ್ಷೆ ಇನ್ನೂ ಬಂದಿಲ್ಲ. ನರಗಳ ಹಾನಿ ತೋರಿಸುವ ‘ನ್ಯೂರೋಫಿಲಮೆಂಟ್ ಲೈಟ್’ ಪ್ರೋಟೀನ್ ಕೂಡ ವಯಸ್ಸಾದಂತೆ, ಕಿಡ್ನಿ ಕೆಟ್ಟಾಗಲೂ ಏರುತ್ತದೆ.

ಹಿರಿಯರ ಮರೆವು ಈಚೆಗೆ ಹೆಚ್ಚಿದ್ದರೆ ‘ಅದೇ ಹಳೇ ಕಾಯಿಲೆ’ ಎಂದು ಸುಮ್ಮನಾಗಬೇಡಿ. ಬಿ12 ಕೊರತೆ, ಥೈರಾಯ್ಡ್ ತೊಂದರೆ ಇದ್ದರೆ ಮಾಮೂಲಿ ರಕ್ತಪರೀಕ್ಷೆಯಲ್ಲೇ ಗೊತ್ತಾಗುತ್ತದೆ, ಚಿಕಿತ್ಸೆಯೂ ಇದೆ. ಕೈನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಮಾತ್ರೆಯಿಂದಲೂ ನೆನಪು ಮಂಕಾಗಬಹುದು. ನೀವಾಗಿಯೇ ನಿಲ್ಲಿಸಬೇಡಿ, ಔಷಧಿ ಚೀಟಿ ತೋರಿಸಿ ಮನೋವೈದ್ಯರನ್ನು ಕೇಳಿ.