ಕಪಾಟಿನ ಮ್ಯಾಲಿನ ಗಿಟಾರಿಗೆ ಎಷ್ಟ್ ಬೆಲಿ?

ಹಿತ್ತಾಳಿ ಸಾಮಾನು ತೂಕದ ಮ್ಯಾಲೆ ಹೋಗ್ತದ, ಬಂಗಾರ ಅವತ್ತಿನ ದರದ ಮ್ಯಾಲೆ ಹೋಗ್ತದ. ಗಿಟಾರಿಗೆ ಹಿಂತಾ ಒಂದ ತಕ್ಕಡಿ ಇಲ್ಲ ನೋಡ್ರಿ. ಗುಜರಿಯವ ಮುನ್ನೂರು ಅಂತಾನ, ಮೊಬೈಲ್‌ನ್ಯಾಗ ಹಳೇ ಗಿಟಾರ್ ಕೋಟಿಗೆ ಹೋತು ಅಂತ ಬಂದಿರ್ತದ. ಎರಡೂ ಯಾಕ ಹಂಗ ಅನ್ನೂದು ತಿಳೀಬೇಕಂದ್ರ ಸ್ವಲ್ಪ ಇತಿಹಾಸ ನೋಡಬೇಕು.

ಜರ್ಮನಿಯೊಳಗ ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್ ಅಂತ ಒಬ್ಬ ಗಿಟಾರ್ ಮಾಡಾವ ಇದ್ದ, ಬಡಗಿ ಮನಿತನದಾವ. ಗಿಟಾರ್ ಮಾಡೂದು ಬಡಗಿಗಳ ಕೆಲಸಲ್ಲ ಅಂತ ಪಿಟೀಲು ಮಾಡೋರ ಸಂಘ ತಕರಾರು ತಗೀತು. ಆತ 1833ರಾಗ ನ್ಯೂಯಾರ್ಕಿಗೆ ಹೋದ. ಮುಂದ ಪೆನ್ಸಿಲ್ವೇನಿಯಾದ ನಜರೆತ್ ಅನ್ನೋ ಊರಾಗ ನೆಲಿ ನಿಂತ. ಆ ಕಂಪನಿ 1898ರಿಂದ ಪ್ರತಿ ಗಿಟಾರಿನ ಒಳಗ ಸಾಲು ನಂಬರ್ ಒತ್ತಲಿಕ್ಕೆ ಸುರು ಮಾಡಿತು. ನಡುವಿನ ಗುಂಡನ ತೂತಿನ್ಯಾಗ ಬ್ಯಾಟರಿ ಹಾಕಿ ನೋಡಿದ್ರ ಕಾಣ್ತದ. ಆ ನಂಬರಿಂದ ಹುಟ್ಟಿದ ವರ್ಷ ತಿಳೀತದ, ವರ್ಷದಿಂದ ಕಟಗಿ ತಿಳೀತದ.

ಕಟಗಿ ವಿಷಯ ಬಂತಂದ್ರ ನಮ್ಮ ಕಡೆದೂ ಒಂದ ಮಾತು ಅದ. ಮೊದಲ ಭಾರಿ ಗಿಟಾರಿನ ಬೆನ್ನಿಗೆ ಬ್ರೆಜಿಲಿನ ರೋಸ್‌ವುಡ್ ಹಾಕ್ತಿದ್ರು. ಬ್ರೆಜಿಲ್ ದೇಶ ಇಡೀ ದಿಮ್ಮಿ ಹೊರಗ ಕಳಸೂದು ನಿಲ್ಲಿಸಿದ ಮ್ಯಾಲೆ, 1969ರ ಸುಮಾರಿಗೆ ಮಾರ್ಟಿನ್‌ನವ್ರು ಭಾರತದ ರೋಸ್‌ವುಡ್ಡಿಗೆ ಬಂದ್ರು. ಅಂದ್ರ ಏನು? ನಮ್ಮ ಪಶ್ಚಿಮ ಘಟ್ಟದಾಗೂ ಬೆಳಿಯೋ ಬೀಟಿ ಮರ! 1992ರಿಂದ ಬ್ರೆಜಿಲಿನ ಆ ಕಟಗಿಯ ಅಂತರರಾಷ್ಟ್ರೀಯ ವ್ಯಾಪಾರಕ್ಕ ಬಿಗಿ ನಿರ್ಬಂಧ ಬಂತು. ಅದಕ್ಕ 1969ರ ಹಿಂದಿನವಕ್ಕ ಬೆಲಿ ಏರಿತು. ಬೆಲಿ ಬರೇ ವಯಸ್ಸಿಗೆ ಬಂದದ್ದಲ್ಲ, ಮತ್ತ ಸಿಗಲಾರದ ಕಟಗಿಗೆ ಬಂದದ್ದು.

ಕೋಟಿ ಲೆಕ್ಕದ್ದು ಬ್ಯಾರೇನ ಕಥಿ. 2020ರಾಗ ಕರ್ಟ್ ಕೋಬೇನ್ ಬಾರಿಸಿದ 1959ರ ಮಾರ್ಟಿನ್ ಗಿಟಾರ್ ಲಿಲಾವಿನ್ಯಾಗ 60 ಲಕ್ಷ ಡಾಲರ್ ದಾಟಿತು. ಅದ ವರ್ಷದ್ದು, ಅದ ನಮೂನಿದು ಇನ್ನೊಂದು ತಂದ್ರ ಅಷ್ಟು ಯಾರೂ ಕೊಡೂದಿಲ್ಲ. ಅಲ್ಲೆ ಬೆಲಿ ಬಂದದ್ದು ಬಾರಿಸಿದ ಕೈಗೆ.

ಈಗ ನಮ್ಮ ನಿಮ್ಮ ಮನಿಗೆ ಬರೋಣು. ನಮ್ಮಲ್ಲಿ ಹುಡುಗೂರಿಗೆ ಕೊಡಸೋ ಸೋವಿ ಗಿಟಾರ್ ಬಹಳಷ್ಟು ಪ್ಲೈವುಡ್ಡಿನವು. ಗುಂಡನ ತೂತಿನ ಅಂಚು ನೋಡ್ರಿ. ಮ್ಯಾಲಿನ ಗೆರಿ ಹಂಗ ಅಂಚಿನೊಳಗ ಇಳಿದಿದ್ರ ಇಡೀ ಹಲಗಿ. ಪದರು ಪದರು ಕಂಡ್ರ ಪ್ಲೈವುಡ್. ಪ್ಲೈವುಡ್ಡಿಗೆ ಇಪ್ಪತ್ತು ವರ್ಷಾದ್ರೂ ಬೆಲಿ ಏರೂದಿಲ್ಲ.

ನಮ್ಮ ಓಣಿ ವೈನಿಯೊಬ್ರಿಗೆ ಮಗಳ ಫೀ ತುಂಬೂದಿತ್ತು. ಇಬ್ಬರೂ ಕೂತು ಲೆಕ್ಕ ಹಾಕಿದ್ವಿ. ಹಂತಾದ ಹೊಸಾದಕ್ಕ ಅಂಗಡಿಯಾಗ 8,000 ರೂಪಾಯಿ. ಚಲೋ ಇದ್ರ ಅರ್ಧ, ಅಂದ್ರ 4,000. ಹೊಸಾ ತಂತಿ, ಮುರಿದ ಬಿರಡಿಗೆ 1,000 ಕಳದ್ವಿ. ಕುತ್ತಿಗಿ ಬಾಗಿರಲಿಲ್ಲ, ಹಲಗಿ ಸೀಳಿರಲಿಲ್ಲ, ಅದಕ್ಕ ಮತ್ತ ಕಳೀಲಿಲ್ಲ. ಕಲಿಯೋ ಹುಡುಗಿಯೊಬ್ಬಾಕಿ 3,000ಕ್ಕ ಒಯ್ದಳು. ಫೀ ಪೂರಾ ಆಗಲಿಲ್ಲ ಖರೆ, ಪುಸ್ತಕ, ಬಸ್ ಪಾಸಿಗೆ ಆತು. ಗುಜರಿಯವಗ ಕೊಟ್ಟಿದ್ರ ಅದೂ ಇಲ್ಲ.

ಒಂದ ಮಾತು ನೆನಪಿಡ್ರೆವಾ. ದೀಪಾವಳಿಗೆ ಮನಿ ಬಳಿಯೂ ಮುಂದ ಗಿಟಾರಿಗೂ ವಾರ್ನಿಶ್ ಹೊಡಿಸಬ್ಯಾಡ್ರಿ. ಖರೇನ ಬೆಲಿ ಇರೋ ಹಳೇದಾಗಿದ್ರ, ಮೂಲ ಬಣ್ಣ ಹೋದಕೂಡ್ಲೆ ಬೆಲಿ ಸುಮಾರು ಅರ್ಧಕ್ಕ ಇಳೀತದ ಅನ್ನೂದು ವ್ಯಾಪಾರಸ್ಥರ ಲೆಕ್ಕ. ಒಣಾ ಮೆತ್ತನ್ನ ಅರಿವಿಲೆ ಧೂಳ ಒರಸ್ರಿ, ತಂತಿ ಸ್ವಲ್ಪ ಸಡಿಲ ಮಾಡ್ರಿ, ಒಳಗಿನ ಚೀಟಿ ಓದ್ರಿ. ಮಾರೂದು ಬಿಡೂದು ಆಮ್ಯಾಲೆ.