ಅಂಗಿಯಿಂದ ಬೇರೆಯಾದ ಗುರುತು: ಎಂಬ್ರಾಯ್ಡರಿ ಬ್ಯಾಡ್ಜಿನ ಲೆಕ್ಕಾಚಾರ

ಯಶವಂತಪುರಕ್ಕೆ ಒಂದು ಕಡೆ ಪೀಣ್ಯದ ಗಾರ್ಮೆಂಟ್ಸ್, ಇನ್ನೊಂದು ಕಡೆ ಜಾಲಹಳ್ಳಿಯ ಬಿಇಎಲ್ ಮತ್ತು ವಾಯುಪಡೆಯ ನೆಲೆ. ಸಮವಸ್ತ್ರ ಹೊಲಿಯುವವರೂ ತೊಡುವವರೂ ನೆರೆಹೊರೆಯಾಗಿರುವ ಈ ಭಾಗದಲ್ಲಿ ಒಂದು ಪ್ರಶ್ನೆ ಕೇಳಲೇಬೇಕು. ಲಾಂಛನವನ್ನು ನೇರವಾಗಿ ಅಂಗಿಯ ಮೇಲೆಯೇ ಕಸೂತಿ ಹಾಕಬಹುದು. ಹಾಗಿದ್ದೂ ಬೇರೆ ಬಟ್ಟೆಯ ಮೇಲೆ ಹಾಕಿ, ಕತ್ತರಿಸಿ, ಮತ್ತೆ ಅಂಗಿಗೆ ಹೊಲಿಯುವ ಇಮ್ಮಡಿ ಕೆಲಸವೇಕೆ? ನಷ್ಟದ ಭಯ ಇದಕ್ಕೆ ಮುಖ್ಯ ಕಾರಣ ಎಂಬುದು ನನ್ನ ವಾದ. ಸೂಜಿ ಮುರಿದು ಚಿತ್ರ ಕೆಟ್ಟರೆ ಹೋಗುವುದು ಅಂಗೈಯಗಲದ ಟ್ವಿಲ್ ತುಂಡು. ಅಂಗಿಗೆ ಏನೂ ಆಗುವುದಿಲ್ಲ.

ಬ್ಯಾಡ್ಜಿನ ಬೆಲೆ ನಿಲ್ಲುವುದು ಎರಡು ಲೆಕ್ಕಗಳ ಮೇಲೆ. ಮೊದಲನೆಯದು ಪಂಚಿಂಗ್, ಅಂದರೆ ಚಿತ್ರವನ್ನು ಸೂಜಿ ನಡೆಯುವ ದಾರಿಯಾಗಿ ಕಂಪ್ಯೂಟರಿನಲ್ಲಿ ಬರೆಯುವುದು. ಇದು ಒಂದೇ ಸಲದ ಖರ್ಚು. 500 ರೂಪಾಯಿ ಎಂದಿಟ್ಟುಕೊಂಡರೆ, 20 ಬ್ಯಾಡ್ಜಿಗೆ ತಲಾ 25 ರೂಪಾಯಿ ಬೀಳುತ್ತದೆ, 500 ಬ್ಯಾಡ್ಜಿಗೆ ಒಂದೇ ರೂಪಾಯಿ. ಬಡಾವಣೆಯ ಕಬಡ್ಡಿ ತಂಡಕ್ಕೆ ದುಬಾರಿಯೆನಿಸುವುದು ಇಲ್ಲಿಯೇ. ಎರಡನೆಯದು ಹೊಲಿಗೆಯ ಎಣಿಕೆ. ದರ ಹೇಳುವುದು ಸಾವಿರ ಸ್ಟಿಚ್ಚಿಗೆ ಇಷ್ಟೆಂದು. 8 ಸೆಂ.ಮೀ. ವ್ಯಾಸದ ದುಂಡು ಬ್ಯಾಡ್ಜನ್ನು ಪೂರ್ತಿ ತುಂಬಿಸಲು, ಸಾಲುಗಳ ಅಂತರ 0.4 ಮಿ.ಮೀ., ಹೊಲಿಗೆಯ ಉದ್ದ 4 ಮಿ.ಮೀ. ಇದ್ದರೆ, ಅಡಿಹೊಲಿಗೆ ಬಿಟ್ಟು ಸುಮಾರು 3,140 ಹೊಲಿಗೆ ಬೇಕು. ನಿಮಿಷಕ್ಕೆ 800ರ ವೇಗದಲ್ಲಿ ಅದು ನಾಲ್ಕು ನಿಮಿಷದ ಕೆಲಸ. ಹನ್ನೆರಡು ಹೆಡ್ಡಿನ ಯಂತ್ರದಲ್ಲಿ ಅಷ್ಟೇ ಹೊತ್ತಿಗೆ ಹನ್ನೆರಡು ಬ್ಯಾಡ್ಜು. ಹೊಲಿಗೆಯ ಉದ್ದ ಅರ್ಧಕ್ಕಿಳಿದರೆ ಎಣಿಕೆ ಇಮ್ಮಡಿ. ಚಿಕ್ಕ ಅಕ್ಷರಕ್ಕೆ ಗಿಡ್ಡ ಹೊಲಿಗೆಯೇ ಬೇಕು, ಹಾಗಾಗಿ ಅದು ಹಿಡಿಯುವ ಜಾಗಕ್ಕೆ ಹೋಲಿಸಿದರೆ ಖರ್ಚು ಹೆಚ್ಚು.

ಕನ್ನಡದ ಅಕ್ಷರಗಳಿಗೆ ಈ ಪೆಟ್ಟು ಇನ್ನೂ ಜೋರು. ‘ಸಂಘ’ ಎಂದು ಐದು ಮಿ.ಮೀ. ಎತ್ತರದಲ್ಲಿ ಹೊಲಿಸಿ ನೋಡಿ: ಸೊನ್ನೆಯ ಒಳತೂತು ದಾರ ತುಂಬಿ ಮುಚ್ಚಿರುತ್ತದೆ. ‘ಧ’ವನ್ನು ‘ದ’ದಿಂದ ಬೇರೆ ಮಾಡುವ ಸೀಳೂ ಹೀಗೆಯೇ ಮಾಯವಾಗುತ್ತದೆ. ಒತ್ತಕ್ಷರಕ್ಕೆ ಸಾಲಿನ ಕೆಳಗೆ ಬೇರೆ ಜಾಗ ಕೊಡಬೇಕು. ದೊಡ್ಡದಾಗಿ ಬರೆಸಿದರೆ ಈ ತೊಡಕಿಲ್ಲ, ಆದರೆ ಬ್ಯಾಡ್ಜೂ ದೊಡ್ಡದಾಗುತ್ತದೆ. ಕನ್ನಡದ ಹೆಸರನ್ನು ಇಂಗ್ಲಿಷಿನ ಮೂರು ಅಕ್ಷರಕ್ಕೆ ಇಳಿಸಿಬಿಡುವುದರಲ್ಲಿ ಅಭಿಮಾನದ ಕೊರತೆಯಷ್ಟೇ ಅಲ್ಲ, ಈ ಲೆಕ್ಕದ ಪಾಲೂ ಇದೆ ಎಂದು ನನ್ನ ಅನಿಸಿಕೆ.

ಧಾರವಾಡದ ಕಸೂತಿಯಲ್ಲಿ ಗವಂತಿ, ಮುರ್ಗಿ ಹೊಲಿಗೆಗಳು ಗಂಟಿಲ್ಲದೆ ಎರಡೂ ಮಗ್ಗುಲಲ್ಲಿ ಒಂದೇ ಆಗಿ ಕಾಣಬೇಕು. ಬ್ಯಾಡ್ಜಿಗೆ ಆ ಮರ್ಯಾದೆ ಬೇಕಿಲ್ಲ. ಬಾಬಿನ್ ದಾರ ಎಳೆದಾಡಿದ ಬೆನ್ನನ್ನು ಅಂಟಿನ ಪದರವೋ ಅಂಗಿಯೋ ಮುಚ್ಚುತ್ತದೆ. ಅಂಚಿಗೆ ದಪ್ಪ ಓವರ್‌ಲಾಕ್. ಅದು ದುಂಡು, ಚೌಕಕ್ಕೆ ಸಲೀಸು. ಒಳಬಾಗಿದ ಮೂಲೆಗಳಿದ್ದರೆ ಸ್ಯಾಟಿನ್ ಹೊಲಿಗೆಯ ಅಂಚು ಹಾಕಿ ಕತ್ತರಿಸಬೇಕು, ಖರ್ಚು ಏರುತ್ತದೆ.

ಬಳಕೆಯ ವಿಚಾರದಲ್ಲಿ ಸೆಕ್ಯುರಿಟಿ ಗಾರ್ಡಿನ ತೋಳೇ ಒಳ್ಳೆಯ ಸಾಕ್ಷಿ. ಖಾಸಗಿ ಭದ್ರತಾ ಸಂಸ್ಥೆಗಳ (ನಿಯಂತ್ರಣ) ಕಾಯ್ದೆ 2005ರಲ್ಲಿ ಬಂತು; ಮರುವರ್ಷದ ಕೇಂದ್ರ ಮಾದರಿ ನಿಯಮಗಳು ಸಂಸ್ಥೆಯನ್ನು ಗುರುತಿಸುವ ತೋಳಿನ ಬ್ಯಾಡ್ಜ್ ಇರಬೇಕೆಂದವು. ಸೇನೆ, ಪೊಲೀಸರ ಸಮವಸ್ತ್ರವನ್ನು ಹೋಲುವ ಉಡುಪು ತೊಟ್ಟರೆ ಕಾಯ್ದೆಯ 21ನೇ ಕಲಮಿನಡಿ ಒಂದು ವರ್ಷದವರೆಗೆ ಸಜೆ, 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಅಂಗಿ ಸಾದಾ ಇದ್ದಷ್ಟೂ ಕ್ಷೇಮ. ಸಂಸ್ಥೆಯ ಹೆಸರು ಹೇಳುವ ಕೆಲಸ ಬ್ಯಾಡ್ಜಿಗೆ ಬಿತ್ತು. ಕೆಲಸಗಾರ ಬೇಗ ಬದಲಾಗುವ ಉದ್ಯೋಗದಲ್ಲಿ, ಬಿಚ್ಚಿ ಬೇರೆ ಹಚ್ಚಬಹುದಾದ ಗುರುತು ಮಾಲೀಕನಿಗೆ ಲಾಭವೇ.

ಯಲಹಂಕದಲ್ಲಿ 1996ರಿಂದ ನಡೆಯುತ್ತಿರುವ ಏರೋ ಇಂಡಿಯಾದಲ್ಲಿ ಇದೇ ತರ್ಕದ ಇನ್ನೊಂದು ತುದಿ ಕಾಣುತ್ತದೆ. ಪೈಲಟ್‌ಗಳ ಓವರಾಲಿನ ಮೇಲೆ ವೆಲ್ಕ್ರೋ ಇರುತ್ತದೆ. ಪೈಲಟ್ ಬೇರೆ ತುಕಡಿಗೆ ಹೋದರೆ ಹಳೆಯ ಬ್ಯಾಡ್ಜನ್ನು ಕಿತ್ತು ಹೊಸತನ್ನು ಒತ್ತಿದರಾಯಿತು, ದರ್ಜಿಯ ಹತ್ತಿರ ಹೋಗುವುದೂ ಬೇಡ.