ನಿಮ್ರಾಡ್ ವಿಮಾನ ಮತ್ತು ಹಿನ್ನೋಟದ ಜಾಣತನ

ಜಲಾಂತರ್ಗಾಮಿಗಳ ಜಾಡು ಹಿಡಿಯುವ ‘ನಿಮ್ರಾಡ್’ ವಿಮಾನಗಳು ಬ್ರಿಟನ್ನಿನ ವಾಯುಪಡೆಯನ್ನು ಸೇರಿದ್ದು 1969ರಲ್ಲಿ. ಇವು ‘ಕಾಮೆಟ್’ ಎಂಬ ಜೆಟ್ ಪ್ರಯಾಣಿಕ ವಿಮಾನದ ರೂಪಾಂತರಗಳು. 1996ರಲ್ಲಿ ಇವುಗಳನ್ನು ಬದಲಾಯಿಸುವ ಪ್ರಶ್ನೆ ಬಂದಾಗ ಸರ್ಕಾರ ಮಿತವ್ಯಯವೆಂದು ತೋರಿದ ದಾರಿ ಹಿಡಿಯಿತು. ಹಳೆಯ ವಿಮಾನಗಳ ಒಡಲನ್ನು ಉಳಿಸಿಕೊಂಡು ಹೊಸ ರೆಕ್ಕೆ, ಎಂಜಿನ್ ಮತ್ತು ಉಪಕರಣಗಳನ್ನು ಜೋಡಿಸುವುದೇ ಆ ದಾರಿ. ಹೀಗೆ ಸಿದ್ಧವಾಗುವ 21 ವಿಮಾನಗಳು 2003ರಿಂದ ಸೇವೆಗೆ ಬರಬೇಕಿತ್ತು. ವರ್ಷಗಳು ಉರುಳಿದಂತೆ ಸಂಖ್ಯೆ 18ಕ್ಕೆ, 12ಕ್ಕೆ, ಕೊನೆಗೆ 9ಕ್ಕೆ ಇಳಿಯಿತು. 2010ರ ಅಕ್ಟೋಬರಿನಲ್ಲಿ ಯೋಜನೆಯೇ ರದ್ದಾಯಿತು. ಅಷ್ಟರಲ್ಲಿ 300 ಕೋಟಿ ಪೌಂಡಿಗೂ ಮಿಕ್ಕು ಖರ್ಚಾಗಿತ್ತು. 2011ರಲ್ಲಿ ವಿಮಾನಗಳನ್ನು ಕತ್ತರಿಸಿ ಗುಜರಿಗೆ ಹಾಕಲಾಯಿತು.

ತಪ್ಪು ಯಾರದು? ‘ಅಂದೇ ಬೋಯಿಂಗ್ ಪಿ-8 ಕೊಂಡಿದ್ದರೆ ಆಗುತ್ತಿತ್ತಲ್ಲ’ ಎನ್ನುವುದು ಈಗ ಸುಲಭ. ಆದರೆ 1996ರಲ್ಲಿ ಪಿ-8 ಇರಲೇ ಇಲ್ಲ! ಅದರ ನಿರ್ಮಾಣಕ್ಕೆ ಅಮೆರಿಕದ ನೌಕಾಪಡೆ ಬೋಯಿಂಗನ್ನು ಆರಿಸಿದ್ದು 2004ರಲ್ಲಿ. ಅದು ಮೊದಲು ಹಾರಿದ್ದು 2009ರಲ್ಲಿ.

ಇಂತಹ ಜಾಣತನವನ್ನು ಮನೋವಿಜ್ಞಾನಿ ಬರೂಕ್ ಫಿಶ್‌ಹಾಫ್ 1975ರಲ್ಲೇ ಪ್ರಯೋಗದಿಂದ ತೋರಿಸಿದ್ದರು. ಬ್ರಿಟಿಷರಿಗೂ ಗೂರ್ಖರಿಗೂ ನಡೆದ ಯುದ್ಧದ ವಿವರವನ್ನು ಓದಲು ಕೊಟ್ಟು, ಬೇರೆ ಬೇರೆ ಗುಂಪುಗಳಿಗೆ ಬೇರೆ ಬೇರೆ ಫಲಿತಾಂಶ ತಿಳಿಸಲಾಯಿತು. ಯಾರಿಗೆ ಯಾವ ಫಲಿತಾಂಶ ತಿಳಿಸಿದ್ದರೋ, ಅದೇ ಮೊದಲಿನಿಂದಲೂ ಹೆಚ್ಚು ಸಂಭವನೀಯವಾಗಿತ್ತೆಂದು ಅವರಿಗೆ ಕಂಡಿತು.

ಹಾಗೆಂದು ಯಾರನ್ನೂ ದೂರಬಾರದೆಂದಲ್ಲ. ಹೊಸ ರೆಕ್ಕೆಗಳು ಗಣಕದಲ್ಲಿ ರಚಿಸಿದ ನಕ್ಷೆಯಂತೆ ನಿಖರವಾಗಿ ತಯಾರಾದವು. ಒಡಲುಗಳಾದರೋ ದಶಕಗಳ ಹಿಂದೆ ಬಹುಮಟ್ಟಿಗೆ ಕೈಕೆಲಸದಿಂದ ಕಟ್ಟಿದವು. ಒಂದರ ಅಳತೆ ಇನ್ನೊಂದಕ್ಕೆ ತಾಳೆಯಾಗುತ್ತಿರಲಿಲ್ಲ. ಜೋಡಿಸಹೊರಟಾಗ ರೆಕ್ಕೆ ಹೊಂದಲಿಲ್ಲ. ಒಂದು ಗೋಲದ ವ್ಯಾಸವನ್ನು ಅಳೆದು ಉಳಿದ ಹತ್ತಕ್ಕೂ ಅದನ್ನೇ ಬರೆದುಕೊಂಡ ವಿದ್ಯಾರ್ಥಿಗೆ ನಾವು ಅಂಕ ಕೊಡುವುದಿಲ್ಲ. ಪಿ-8 ಬರುವುದನ್ನು 1996ರಲ್ಲಿ ಊಹಿಸಬೇಕಿತ್ತು. ಒಡಲುಗಳಾದರೆ ಕಣ್ಣೆದುರಿಗೇ ಇದ್ದವು, ಅಳೆದರೆ ಸಾಕಿತ್ತು. ಈ ಆಕ್ಷೇಪ ಹಿನ್ನೋಟದ್ದಲ್ಲವೆಂದೇ ನನ್ನ ಅಭಿಪ್ರಾಯ.

2010ರ ರದ್ದತಿಯನ್ನೂ ಅಂದಿನ ಮಾಹಿತಿಯಿಂದಲೇ ಅಳೆಯಬೇಕು. ಬೊಕ್ಕಸ ಬರಿದಾಗಿದ್ದುದು ನಿಜ. ಆದರೆ ಹಳೆಯ ನಿಮ್ರಾಡ್‌ಗಳು ಆ ವರ್ಷದ ಮಾರ್ಚಿನಲ್ಲೇ ನಿವೃತ್ತವಾಗಿದ್ದವು; ಕಡಲಿಗೆ ಕಾವಲು ತಪ್ಪುವುದು ಆಗಲೇ ಗೊತ್ತಿತ್ತು. ಮುಂದೆ ಜಲಾಂತರ್ಗಾಮಿಗಳನ್ನು ಹುಡುಕಲು ಮಿತ್ರರಾಷ್ಟ್ರಗಳ ವಿಮಾನಗಳನ್ನು ಕರೆಸಬೇಕಾಯಿತು. 2015ರಲ್ಲಿ ಬ್ರಿಟನ್ ಒಂಬತ್ತು ಪಿ-8 ಕೊಳ್ಳಲು ನಿರ್ಧರಿಸಿತು. ಮೊದಲನೆಯದು ಅಲ್ಲಿಗೆ ಬಂದಿಳಿದದ್ದು 2020ರ ಫೆಬ್ರವರಿಯಲ್ಲಿ.